ತಳದ ಅಂಕಿ

ಕೈಗವಸು ಬೇಡ, ಅಂದರು ಮೊದಲ ದಿನವೇ.
ಬಟ್ಟೆ ಜಾರುತ್ತದೆ. ಬರಿಗೈ ಒಳ್ಳೆಯದು,
ತೊಳೆದು ಒರೆಸಿ ಉಂಗುರ ಬಿಚ್ಚಿಟ್ಟ ಕೈ.
ಎಣ್ಣೆ ಹಚ್ಚಿದ ಕೂಸನ್ನು ಎತ್ತುವ ಹಾಗೆ ಎತ್ತು,
ಹಿಡಿಕೆ ಇದ್ದರೂ ಹಿಡಿಕೆಯನ್ನು ನಂಬಬೇಡ.

ತಾರದೇವದ ಮನೆಯಿಂದ ಬಂದದ್ದು ಇನ್ನೂರ ಹದಿನೇಳು.
ಲಾರಿಗೆ ಒಪ್ಪಲಿಲ್ಲ ಗುಲ್‌ಬಾನು ಭರ್ದಾ.
ಹದಿನಾಲ್ಕು ಸಲ ಟ್ಯಾಕ್ಸಿಯಲ್ಲಿ,
ಹಿಂದಿನ ಸೀಟಿನಲ್ಲಿ, ಸ್ವತಃ ತೊಡೆಯ ಮೇಲೆ,
ಒಂದೊಂದನ್ನೂ ಗುಜರಾತಿ ಪತ್ರಿಕೆಯ
ಮರಣವಾರ್ತೆಯ ಪುಟದಲ್ಲಿ ಸುತ್ತಿ.
‘ನಾವು ಕಡಿಮೆಯಾದೆವು, ಈ ಪುಟ ಮಾತ್ರ
ಯಾವಾಗಲೂ ತುಂಬಿರುತ್ತದೆ’ ಎಂದು ನಕ್ಕರು.

ಅರ್ಧ ಮುತ್ತಜ್ಜನ ಹಡಗಿನದು,
ಅರ್ಧ ಅಣ್ಣ ನೌಶಿರನ ಹುಚ್ಚಿನದು.
ಶುಕ್ರವಾರ ಬೆಳಗಾದರೆ ಚೋರ್ ಬಜಾರು,
ಸಂಬಳದ ದಿನ ಸಂಜೆ ಮನೆಯಲ್ಲಿ ಜಗಳ.
ಎಳೆ ಬಾಳೆಸುಳಿಯ ಹಸಿರಿನ ಕೊರಿಯಾದ ಬಟ್ಟಲು
ಒಂದು ಹಲ್ಲಿನ ಸೆಟ್ಟಿಗಿಂತ ಅಗ್ಗ ಎಂದು ವಾದಿಸಿ
ಕೊನೆಯವರೆಗೂ ಬೊಚ್ಚುಬಾಯಲ್ಲೇ ಉಂಡನಂತೆ.

ಮುತ್ತಜ್ಜನ ಹಡಗು ಹೋಗುವಾಗ ಏನು ಹೊತ್ತಿತ್ತು?
ನಮೂನೆ ತುಂಬುತ್ತ ಕೇಳಿದೆ.
ಹತ್ತಿ, ಅಂದರು.
ಬಸಿಗೆ ಸುರಿದ ಚಹಾ ಆರುವ ತನಕ ಸುಮ್ಮನಿದ್ದು
ಹತ್ತಿ ಮಾತ್ರ ಅಲ್ಲ, ಅಂದರು.
ನಮ್ಮ ನಮೂನೆಯಲ್ಲಿ ಅದಕ್ಕೆ ಅಂಕಣ ಇಲ್ಲ.
ಷರಾ ಎಂಬಲ್ಲಿ ಪೆನ್ನು ಇಟ್ಟು
ಒಂದು ಚುಕ್ಕೆಯಾಗಿ ನಿಂತೆ.

ಮೊದಲು ತೆಳ್ಳಗೆ ವಾರ್ನಿಷು. ಒಣಗಲಿ.
ಆಮೇಲೆ ಸೂಜಿಮೊನೆಯ ನಿಬ್ಬಿನಲ್ಲಿ ಅಂಕಿ.
ಮತ್ತೆ ವಾರ್ನಿಷು.
ಪಕ್ಕದಲ್ಲೇ ನೀಲಿಯಲ್ಲಿ ಆರು ಚೀನೀ ಅಕ್ಷರ,
ಚೌಕಟ್ಟಿನ ಪುಟ್ಟ ಮನೆಗಳು, ನಮ್ಮವು ದುಂಡಗೆ.
ಯಾವನೋ ದೊರೆಯ ಆಳ್ವಿಕೆಯ ಹೆಸರಂತೆ.
ಅವನು ಸತ್ತು ಇನ್ನೂರು ವರ್ಷವಾದ ಮೇಲೂ
ಕುಂಬಾರರು ಬರೆಯುತ್ತಿದ್ದರಂತೆ,
ಸುಳ್ಳೆಂದಲ್ಲ, ಒಂದು ಬಗೆಯ ನಮಸ್ಕಾರ.
ಅದು ಬೆಂಕಿಯಲ್ಲಿ ಬೆಂದ ಹೆಸರು.
ನನ್ನದು ಮೇಲಿಟ್ಟದ್ದು,
ಹತ್ತಿಯುಂಡೆಗೆ ಎರಡು ಹನಿ ದ್ರಾವಣ ಸಾಕು, ಹೋಗುತ್ತದೆ.

ನೂರ ಆರನೆಯದಕ್ಕೆ ಒಂಬತ್ತು ಹಿತ್ತಾಳೆ ಹೊಲಿಗೆ.
‘ಹಳೆಯ ದುರಸ್ತಿ, ಪ್ರದರ್ಶನಕ್ಕಲ್ಲ’ ಎಂದು ಬರೆಸಿದರು ಮೇಲಿನವರು.
ಗುಲ್‌ಬಾನು ಹೊಲಿಗೆಯ ಮೇಲೆ ಬೆರಳಾಡಿಸಿದರು:
‘ಒಡೆದದ್ದು ನೌಶಿರ್, ಏಳು ವರ್ಷದವ.
ಹೊಡೆತ ತಿಂದದ್ದು ಬೆಕ್ಕು.
ಹೋಗುವ ಹಿಂದಿನ ವಾರ ಒಪ್ಪಿಕೊಂಡ.
ಬೆಕ್ಕಿಗೆ ಹೇಳುವವರು ಯಾರು?’

ಈಗ ಮಂಗಳವಾರಗಳಲ್ಲಿ ಬರುತ್ತಾರೆ, ಟಿಕೆಟು ಕೊಂಡು.
ಗಾಜಿಗೆ ಹಣೆ ತಾಗಿಸಬೇಡಿ ಅನ್ನುತ್ತಾನೆ ಕಾವಲಿನ ಶಿರ್ಕೆ.
ಅವನಿಗೆ ಗೊತ್ತಿಲ್ಲ, ಇವರೂ ಹೇಳುವುದಿಲ್ಲ.
ನನ್ನನ್ನು ಕಂಡರೆ ಕೈಸನ್ನೆ ಮಾಡಿ:
‘ಆ ತಟ್ಟೆಯ ಕೊಕ್ಕರೆ ಗೋಡೆ ನೋಡುತ್ತಿದೆ,
ನಮ್ಮಲ್ಲಿ ಕಿಟಕಿ ನೋಡುತ್ತಿತ್ತು.’
ಬೀಗದ ಕೈ ನನ್ನಲ್ಲಿಲ್ಲ.
ಅರ್ಜಿ ಕೊಟ್ಟಿದ್ದೇನೆ.

‘ತಳದಲ್ಲಿ ಬರೆದದ್ದು ಕಾಣುತ್ತದೆಯೇ?’
ಇಲ್ಲ, ತಿರುವಿ ನೋಡಿದರೆ ಮಾತ್ರ.
‘ತಿರುವಿ ನೋಡುವವರು ಇಬ್ಬರೇ, ಕಳ್ಳರು ಮತ್ತು ನೌಶಿರ್.
ಮದುವೆಯೂಟದಲ್ಲಿ ಒಮ್ಮೆ ತಟ್ಟೆ ತಿರುವಿದ,
ಬೇಳೆ ಸಮೇತ.’

ಆ ರಾತ್ರಿ ಡೊಂಬಿವಿಲಿಯಲ್ಲಿ ಊಟ ಮುಗಿಸಿ
ಬಚ್ಚಲಿಗಿಡುವ ಮುನ್ನ ನನ್ನ ತಟ್ಟೆ ತಿರುವಿದೆ.
ಸ್ಟೀಲು. ಅವ್ವನ ಮದುವೆಯದು.
ಚುಕ್ಕೆ ಚುಕ್ಕೆಯಾಗಿ ಕೊರೆದ ದುಂಡು ಅಕ್ಷರ:
‘ರಾ. ಬ. ಮುಳಗುಂದ ಇವರಿಂದ ಪ್ರೀತಿಯ ಕಾಣಿಕೆ.’
ಇಸವಿ ಸವೆದಿದೆ.
ಅವ್ವನಿಗೆ ಫೋನು ಮಾಡಿದೆ, ಯಾರವ್ವ ಈ ಮುಳಗುಂದ?
ಬಹಳ ಹೊತ್ತು ಯೋಚಿಸಿದಳು.
ನೆನಪಾಗಲಿಲ್ಲ ಅವಳಿಗೆ.
ತಿಕ್ಕುವಾಗ ಮೆಲ್ಲಗೆ ತಿಕ್ಕು, ಅಂದಳು.